ಜೊಂಡಿನ ದಾರಿಗೆ ಅಡ್ಡಗಂಬ

ನವೆಂಬರ್ 4, ಬೆಳಿಗ್ಗೆ

ಇವತ್ತೂ ಹಿಂದಿನ ಚಕ್ರದಲ್ಲಿ ಗಾಳಿ ಕಮ್ಮಿ. ಪಂಪ್ ಹೊಡೆದು ಹೊರಡುವಷ್ಟರಲ್ಲಿ ಬೆಳಕಾಗಿತ್ತು. ಜೌಗಿನ ಸುತ್ತ ಒಂದು ಸುತ್ತು — ನಾನು ಸೈಕಲ್ ಮೇಲೆ ಮುಂದೆ, ನಾದಿನಿ ನಡೆದುಕೊಂಡು ಹಿಂದೆ. ನಡೆದರೆ ನನ್ನ ಮಂಡಿ ಪ್ರಾಣ ಹಿಂಡುತ್ತದೆ. ಪೆಡಲ್ ತುಳಿದರೆ ಏನೂ ಇಲ್ಲ. ಸೈಕಲ್ ಬಿಡಬೇಡಿ ಅಂತ ಡಾಕ್ಟರೇ ಹೇಳಿದ್ದು. ಅವಳಿಗೆ ಕಾಲು ಗಟ್ಟಿ, ಕಣ್ಣು ಮಂಜು. ಅದಕ್ಕೇ ಬೆಲ್ಲು. ತಿರುವಿನಲ್ಲಿ ನಿಂತು ಹೊಡೆಯುತ್ತೇನೆ. ಒಂದು ಸಲ ಅಂದರೆ ದಾರಿ ಒಣಗಿದೆ, ಬಾ. ಎರಡು ಸಲ ಅಂದರೆ ನೀರು ಬಂದಿದೆ, ಅಲ್ಲೇ ನಿಲ್ಲು. ಸದ್ದು ಹಿಡಿದು ಬರುತ್ತಾಳೆ.

ಒಣಮರದ ಮೇಲೆ ನೀರುಕಾಗೆ ರೆಕ್ಕೆ ಹರಡಿಕೊಂಡು ಕೂತಿತ್ತು.

"ಏನದು ಅತ್ತಿಗೆ?"

"ಹರಿದ ಕೊಡೆ."

"ಕೊಡೆ ರೆಕ್ಕೆ ಬಡೀತಿದೆಯಲ್ಲ."

ವಾಪಸ್ ಬರುವಾಗ ಗೇಟಿನ ಹತ್ತಿರ ಗುಂಡಿ ತೋಡುತ್ತಿದ್ದರು. ಯಾಕೋ.

ನವೆಂಬರ್ 6

ಯಾಕೆ ಅಂತ ಗೊತ್ತಾಯಿತು. ಅಡ್ಡಗಂಬ. ಪಕ್ಕದಲ್ಲಿ ಮನುಷ್ಯ ನುಸುಳುವಷ್ಟು ಸಂದು. ಮೇಲೆ ಬೋರ್ಡು — ಸೈಕಲ್ ನಿಷೇಧ, ನಡೆಯುವವರಿಗೆ ಮಾತ್ರ. ಬೋರ್ಡಿನ ಪಕ್ಕ ವಾಕಿಂಗ್ ಸಂಘದ ಅಧ್ಯಕ್ಷ. ಬಿಳಿ ಬೂಟು. ಕೆಸರು ಕಂಡರೆ ಕಾಲೆತ್ತಿಕೊಳ್ಳುವವನು ಜೌಗಿಗೆ ಯಜಮಾನ.

"ನಿಮ್ಮಂಥ ಹಿರಿಯರಿಗೋಸ್ಕರಾನೇ ಮಾಡಿರೋದು ಅಮ್ಮಾ. ಸೈಕಲ್‌ನವರು ಬಂದು ಗುದ್ದಿದ್ರೆ?"

"ನಾನೇ ಸೈಕಲ್‌ನವಳು. ನನಗೆ ನಾನೇ ಗುದ್ದಿಕೊಳ್ತೀನಾ?"

"ಮೀಟಿಂಗಲ್ಲಿ ಎಲ್ಲರೂ ಕೈ ಎತ್ತಿದ್ದಾರೆ. ನಿಮ್ಮ ಮನೆಯವರೂ."

ಮನೆಯಲ್ಲಿ ಇರುವುದೇ ಇಬ್ಬರು. ನಾನಂತೂ ಎತ್ತಿಲ್ಲ.

ಅದೇ ದಿನ, ಸಂಜೆ

ಕೇಳಿದೆ. "ಹೌದು, ಎತ್ತಿದೆ" ಅಂದಳು. ಸೊಪ್ಪು ಬಿಡಿಸುತ್ತಿದ್ದಳು, ತಲೆ ಮೇಲೆತ್ತಲಿಲ್ಲ.

"ಯಾಕೆ?"

"ಎತ್ತಬೇಕು ಅನ್ನಿಸ್ತು."

ಅನ್ನಿಸಿತಂತೆ. ಗಂಡ ಸತ್ತು ಬಂದಾಗಿನಿಂದ ನನ್ನ ಜೊತೆಗೇ ಇದ್ದಾಳೆ. ಅವಳ ಅಣ್ಣ ಹೋದ ಮೇಲೂ ಒಂದು ದಿನ ಬೇರೆ ಅಡುಗೆ ಮಾಡಿಲ್ಲ. ಈಗ ನನ್ನ ಬುಡಕ್ಕೇ ಬಿಸಿನೀರು ಕಾಯಿಸಿದಳು. ಮಾತು ಬಿಟ್ಟೆ.

ನವೆಂಬರ್ 11

ಮಾತಿಲ್ಲ. ಅವಳು ಗೋಡೆಗೆ ಹೇಳುತ್ತಾಳೆ, "ಅಡುಗೆ ಆಗಿದೆ." ನಾನೂ ಗೋಡೆಗೇ ಹೇಳುತ್ತೇನೆ, "ಮೂಗಿದೆ, ಗೊತ್ತಾಗುತ್ತೆ."

ದಿನಾ ಒಬ್ಬಳೇ ಹೋಗಿ ಬರುತ್ತಾಳೆ. ಅಲ್ಲಿ ಏನು ಕೇಳಿಸಿತು, ನೀರು ಎಲ್ಲಿಗೆ ಬಂದಿದೆ — ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.

ವಾಚ್‌ಮನ್ ಬುದ್ಧಿ ಹೇಳಿದ, ರೋಡಲ್ಲಿ ಓಡಿಸಿ ಅಜ್ಜಿ ಅಂತ. ರೋಡಲ್ಲಿ ಏನಿದೆ? ಲಾರಿ. ಅದು ಗುದ್ದಿದರೆ ಸಂಘಕ್ಕೆ ಚಿಂತೆಯಿಲ್ಲ.

ಬೇಲಿ ಹಿಡಿದು ನಿಂತು ನೋಡಿದೆ. ಜೊಂಡಿನ ತುದಿ ಬಿಟ್ಟರೆ ಏನೂ ಕಾಣುವುದಿಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಡಿಸಿ ಹೊಲಿಗೆ ಮೆಷಿನ್ ಮುಂದೆ ಕೂರಿಸಿದರು. ಅವತ್ತಿನಿಂದ ಕಂಡದ್ದೆಲ್ಲ ಬೇರೆಯವರ ಬಟ್ಟೆ. ಬೆಳಗಿನ ಆ ಒಂದು ಹೊತ್ತು ನನ್ನದು ಅಂತ ಇತ್ತು. ಅದಕ್ಕೂ ಕೈ ಎತ್ತಿ ಕಂಬ ಹಾಕಿದರು...

ನವೆಂಬರ್ 15, ಮಧ್ಯಾಹ್ನ

ಊಟ ಬಿಟ್ಟು ಬರೆಯಲು ಕೂತಿದ್ದೇನೆ. ಸಿಟ್ಟಿಗೆ. ಬೇರೆ ಯಾತಕ್ಕೂ ಅಲ್ಲ.

ಬೆಳಿಗ್ಗೆ ಹೋದವಳು ಬಿಸಿಲೇರಿದರೂ ಬರಲಿಲ್ಲ. ಸೈಕಲ್ ತೆಗೆದುಕೊಂಡು ಗೇಟಿಗೆ ಹೋದೆ.

"ಸೈಕಲ್ ಇಲ್ಲೇ ಬಿಟ್ಟು ಹೋಗಿ ಅಜ್ಜಿ" ಅಂದ ವಾಚ್‌ಮನ್.

"ಈ ಕಾಲಲ್ಲಿ ಹೋದ್ರೆ ನಾಳೆ ಮುಟ್ತೀನಿ. ನೀನು ಹೋಗಿ ಹುಡುಕ್ತೀಯಾ?"

"ಗೇಟ್ ಬಿಟ್ಟು ಹೋಗಂಗಿಲ್ಲ."

"ಹಾಗಾದ್ರೆ ಎತ್ತು."

ಕಂಬ ನೋಡಿದ, ನನ್ನ ಮುಖ ನೋಡಿದ. "ನಾನು ಟೀ ಕುಡಿಯೋಕೆ ಹೋಗಿದ್ದೆ. ನಿಮ್ಮನ್ನ ನೋಡೇ ಇಲ್ಲ" ಅಂದ. ಕಂಬ ಎತ್ತಿಟ್ಟೇ ಹೋದ. ಆ ಸಂಘದಲ್ಲಿ ತಲೆ ಇರುವವನು ಅವನೊಬ್ಬ.

ಎರಡನೇ ತಿರುವಿನಲ್ಲಿ ಸಿಕ್ಕಳು. ದಾರಿ ಬಿಟ್ಟು ಜೊಂಡಿನೊಳಗೆ, ತೊಡೆಯ ತನಕ ಕೆಸರು. ಅಳುತ್ತಿರಲಿಲ್ಲ. ಜೊಂಡು ಹಿಡಿದು ನೆಟ್ಟ ಕಂಬದ ಹಾಗೆ ನಿಂತಿದ್ದಳು.

"ಯಾರದು?" ಅಂದಳು.

"ನಿನ್ನ ಯಮ. ಅಲ್ಲಿಗೆ ಯಾಕೆ ಇಳಿದೆ?"

"ಬೆಲ್ ಕೇಳಿಸ್ತು ಅತ್ತಿಗೆ. ಒಂದೇ ಸಲ. ನೀವೇ ಹೇಗೋ ಒಳಗೆ ನುಗ್ಗಿದ್ದೀರಿ ಅಂದ್ಕೊಂಡು ಬಂದೆ."

ಜೊಂಡಿನ ಆಚೆ ರೋಡು. ಯಾವನೋ ಹೋಗುವವನು ಬೆಲ್ ಹೊಡೆದಿದ್ದಾನೆ. ಇವಳು ನಂಬಿಕೊಂಡು ಕೆಸರಿಗೆ ಇಳಿದಿದ್ದಾಳೆ.

ಸೈಕಲ್ ಮಲಗಿಸಿ ಕ್ಯಾರಿಯರ್ ಅವಳ ಕಡೆ ತಳ್ಳಿದೆ. ಅದನ್ನು ಹಿಡಿದು ಒಂದೊಂದೇ ಕಾಲು ಕಿತ್ತಳು. ಚಪ್ಪಲಿ ಎರಡೂ ಒಳಗೇ ಹೋದವು. ಮೇಲೆ ಬಂದು ಕೂತವಳು ಶುರು ಮಾಡಿದಳು.

"ಹೋದ ತಿಂಗಳು ಬಿದ್ದಿರಲ್ಲ, ಇದೇ ತಿರುವಲ್ಲಿ. ಬಿದ್ದ ಸದ್ದು ಕೇಳಿಸ್ತು. ಎಲ್ಲಿ ಅಂತ ಕಾಣಲಿಲ್ಲ. ಎಷ್ಟು ಕೂಗಿದೆ. ನೀವು ಉಸಿರೆತ್ತಲಿಲ್ಲ. ಸತ್ತೇ ಹೋದ್ರಿ ಅಂದ್ಕೊಂಡೆ."

ಉಸಿರೆತ್ತಲಿಲ್ಲ, ನಿಜ. ಬಟ್ಟೆಯೆಲ್ಲ ಕೆಸರು ಮಾಡಿಕೊಂಡು ಬಿದ್ದದ್ದನ್ನು ಊರಿಗೆಲ್ಲ ಸಾರಬೇಕಿತ್ತೇ?

"ಅದಕ್ಕೆ ಕಂಬ ಹಾಕಿಸೋದಾ? ನನಗೆ ಹೇಳಬಹುದಿತ್ತು."

"ಹೇಳಿದ್ರೆ ಕೇಳ್ತಿದ್ರಾ?"

ಕೇಳುತ್ತಿರಲಿಲ್ಲ. ಆದರೂ ಹೇಳಬೇಕಿತ್ತು.

ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತುಳಿದೆ. ಕೆಸರು ಸೇರಿ ಒಂದು ಮೂಟೆ ತೂಕ. ಗೇಟಿನಲ್ಲಿ ಬಿಳಿ ಬೂಟು ಸೊಂಟಕ್ಕೆ ಕೈಯಿಟ್ಟು ನಿಂತಿತ್ತು.

"ಏನಮ್ಮಾ ಇದು, ಸೈಕಲ್ಲು ಒಳಗೆ? ಅದೂ ಡಬಲ್ಸು?"

ನಾನು ಬಾಯಿ ತೆರೆಯುವ ಮೊದಲೇ ಅವಳು ಇಳಿದು, ಬರಿಗಾಲಲ್ಲಿ, ದನಿ ಬಂದ ಕಡೆಗೆ ಮುಖ ಮಾಡಿ ನಿಂತಳು.

"ಕೈ ಎತ್ತಿದವಳು ನಾನೇ. ಈಗ ಇಳಿಸಿದ್ದೀನಿ."

"ಹಾಗೆಲ್ಲ ಆಗಲ್ಲಮ್ಮ. ಮುಂದಿನ ಮೀಟಿಂಗಿಗೆ ಬನ್ನಿ."

"ಅಲ್ಲಿ ತನಕ ನಾನು ಕೆಸರಲ್ಲೇ ನಿಂತಿರಬೇಕಿತ್ತಾ?"

ಅವನು ಬೂಟು ನೋಡಿಕೊಂಡ. ಇವಳ ಕಾಲಿನ ಕೆಸರು ಅದಕ್ಕೆ ಸಿಡಿದಿತ್ತು. ಬೇಕೆಂದೇ ಕಾಲು ಝಾಡಿಸಿದಳೋ ಏನೋ. ಕೇಳಲಿಲ್ಲ.

ನವೆಂಬರ್ 16, ಬೆಳಿಗ್ಗೆ

ರಾತ್ರಿಯಿಡೀ ಮಂಡಿ ಕುಟ್ಟಿತು. ಅವಳು ಎಣ್ಣೆ ಹಚ್ಚಿದಳು. ಬಿದ್ದರೆ ಬಿದ್ದೆ ಅಂತ ಕೂಗಬೇಕು, ಅದೊಂದು ಆಣೆ ಮಾಡಿ ಅಂದಳು. ಆಣೆಗೀಣೆ ಇಲ್ಲ, ಕೂಗುತ್ತೇನೆ ಅಂದೆ. ಸಾಕು ಅಂದಳು.

ಅಧ್ಯಕ್ಷ ಕಂಬಕ್ಕೆ ಬೀಗ ಜಡಿದಿದ್ದಾನಂತೆ. ಹಾಲಿನವನು ಹೇಳಿದ. ಬೇಲಿ ಮುಗಿಯುವ ಕಡೆ, ಚರಂಡಿಯ ಪಕ್ಕ, ಸೈಕಲ್ ಎತ್ತಿ ದಾಟಿಸಬಹುದು. ಇವಳಿಗೆ ತೋಳಿನಲ್ಲಿ ಬಲ ಇದೆ. ಎಲ್ಲಿ ಹಿಡಿಯಬೇಕು ಅಂತ ನಾನು ಹೇಳಿದರಾಯಿತು. ಮೀಟಿಂಗಿಗೂ ಹೋಗುವುದೇ. ಇಬ್ಬರೂ ಮುಂದಿನ ಸಾಲಿನಲ್ಲಿ ಕೂರುತ್ತೇವೆ.

ಹೊರಗೆ ಪಂಪ್ ಹೊಡೆಯುವ ಸದ್ದು. ಎಂದೂ ಮುಟ್ಟಿದವಳಲ್ಲ, ಟ್ಯೂಬು ಒಡೆಯುತ್ತಾಳೆ. ಹೋಗುತ್ತೇನೆ. ಆ ಬಿಳಿ ಬೂಟು ಇವತ್ತು ಎದುರಿಗೆ ಬಂದು ಒಂದು ಮಾತು ಆಡಲಿ, ನಾನು ಅವನ—