ಕುಪ್ಪಾಕ್ ಕೇಳಿದ ಹಿಮಗಾಡಿ

ಮಿಟ್ಟಿಮಾಟಲಿಕ್
ಏಪ್ರಿಲ್ ೯, ಗುರುವಾರ ಮಧ್ಯಾಹ್ನ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಕಾಲಿನ ಊತ ಇಳಿದಿದೆಯೇ? ಒಟ್ಟಾವಾ ನಗರದ ಆ ರೋಗಿಗಳ ವಸತಿಗೃಹದಲ್ಲಿ ಹಗಲೂ ರಾತ್ರಿ ಹೀಟರ್ ಉರಿಸಿ ಉಸಿರು ಕಟ್ಟಿಸುತ್ತಾರೆ ಎಂದಿದ್ದೆ. ಈಗಲಾದರೂ ಕಿಟಕಿ ತೆರೆಯಲು ಬಿಡುತ್ತಾರೆಯೇ? ಊಟದ ವಿಷಯ ಕೇಳುವುದಿಲ್ಲ. ಕೇಳಿದರೆ ಮತ್ತೆ ಆ ಬೇಯಿಸಿದ ಕೋಳಿಯ ಕಥೆ ಶುರು ಮಾಡುತ್ತೀಯ. ನಾಳೆಯ ವಿಮಾನಕ್ಕೆ ಹೊರಟಿರುವ ಲೀನಾಳ ಕೈಯಲ್ಲಿ ಈ ಕಾಗದದ ಜೊತೆ ಒಣಗಿಸಿದ ಮೀನನ್ನೂ ಒಂದು ಡಬ್ಬಿ ಸೀಲ್ ಪ್ರಾಣಿಯ ಕೊಬ್ಬಿನ ಎಣ್ಣೆಯನ್ನೂ ಕಳಿಸುತ್ತಿದ್ದೇನೆ. ಡಬ್ಬಿಯ ಮುಚ್ಚಳ ನಿನ್ನ ಕೋಣೆಯಲ್ಲಿ ತೆರೆಯಬೇಡ, ಕಳೆದ ಸಲದಂತೆ ಆ ವಾಸನೆಗೆ ಬೆಂಕಿ ಬಿತ್ತೇನೋ ಎಂದು ಯಾರಾದರೂ ಓಡಿ ಬಂದಾರು. ನನ್ನ ಬರಹದಲ್ಲಿ ತಪ್ಪುಗಳಿದ್ದರೆ ನಗಬೇಡ. ಶಾಲೆಯಲ್ಲಿ ತುಂಬಿದ್ದೆಲ್ಲ ಇಂಗ್ಲಿಷ್ ಅಕ್ಷರ. ನಮ್ಮ ಲಿಪಿ ನಾನು ಕಲಿತದ್ದು ನಿನ್ನ ಪ್ರಾರ್ಥನೆಯ ಪುಸ್ತಕದಿಂದ, ಅದೂ ನಿನ್ನ ಬೆರಳು ಹೋದಷ್ಟು ದೂರ ಮಾತ್ರ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಅರ್ಧ ಮಾತು ನಿನಗೆ ಕೇಳುವುದಿಲ್ಲ, ಉಳಿದರ್ಧವನ್ನು ಪಕ್ಕದ ಮಂಚದವರು ಕೇಳಿಸಿಕೊಳ್ಳುತ್ತಾರೆ.

ಸುದ್ದಿ ಏನೆಂದರೆ, ನಮಗೊಂದು ಹಿಮಗಾಡಿ ಸಿಕ್ಕಿದೆ. ಹಳೆಯದು ಮಾರ್ಚಿನಲ್ಲಿ ಮೀನಿನ ಕೆರೆಯ ದಾರಿಯಲ್ಲಿ ಎಂಜಿನ್ ಬಿಗಿದು ನಿಂತಿತು, ಮತ್ತೆ ಏಳಲಿಲ್ಲ. ಹೊಸದು ಬೇಕಾದರೆ ಬೇಸಿಗೆಯ ಹಡಗು ಬರಬೇಕು. ಅಷ್ಟರಲ್ಲಿ ಮಂಜುಗಡ್ಡೆಯೂ ಇರುವುದಿಲ್ಲ, ಆ ಬೆಲೆಯೂ ನಮ್ಮದಲ್ಲ. ಈ ವಸಂತದಲ್ಲೇ, ಹೆಪ್ಪುಗಟ್ಟಿದ ಕಡಲ ಮೇಲಿನ ಬಿರುಕುಗಳು ಅಗಲವಾಗುವ ಮೊದಲು, ನಿನ್ನನ್ನು ನೀನು ಹುಟ್ಟಿದ ಕೊಲ್ಲಿಗೆ ಕರೆದುಕೊಂಡು ಹೋಗಬೇಕೆಂದು ನಾನು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಎಂಬತ್ತು ಮೈಲಿ. ಹಿಂದೆ ಜಾರುಬಂಡಿಯಲ್ಲಿ ತೊಗಲು ಹೊದ್ದ ನೀನು, ಮಧ್ಯದಲ್ಲಿ ಗಾಡಿ ನಿಂತರೆ ಸುತ್ತ ಯಾರೂ ಇಲ್ಲದ ಕಡಲು. ಆರೋಗ್ಯವಂತರಾದರೆ ಡೇರೆ ಹಾಕಿ ಚಹಾ ಕುದಿಸಿ ಕಾಯಬಹುದು. ನಿನ್ನನ್ನು ಕಾಯಿಸುವಂತಿಲ್ಲ. ಹಾಗಾಗಿ ಹಳೆಯದಾದರೂ ನಂಬಿಕೆಯ ಗಾಡಿಯೇ ಬೇಕಿತ್ತು.

ಹತ್ತು ದಿನದ ಹಿಂದೆ ಸಹಕಾರಿ ಅಂಗಡಿಯ ಗೋಡೆಯ ಮೇಲೆ ಚೀಟಿಯೊಂದು ಕಂಡಿತು. ಉಯರಾಕ್ ತನ್ನ ಎರಡು ಗಾಡಿಗಳಲ್ಲಿ ಒಂದನ್ನು ಮಾರುತ್ತಿದ್ದ. ಬೆಲೆ ನೋಡಿದ ಕೂಡಲೇ ನನಗೆ ಅನುಮಾನ ಬಂತು. ಊರಿನ ಬೇರೆ ಯಾರೇ ಆಗಲಿ ಅದರ ಎರಡರಷ್ಟು ಕೇಳುತ್ತಿದ್ದರು. ಗಣಿಯಲ್ಲಿರುವ ನನ್ನ ಗಂಡ ಜೋಶುವಾಗೆ ಫೋನ್ ಮಾಡಿದರೆ ಅವನು ನಕ್ಕ. "ಕೊಡೋದನ್ನ ತಗೋ, ಮಿಯಾಲಿ. ನೀನು ಮೀನನ್ನೂ ಎಲ್ಲಿ ಹುಟ್ಟಿದೆ ಅಂತ ಕೇಳಿ ಆಮೇಲೆ ತಿನ್ನೋಳು." ಇರಬಹುದು. ಆದರೂ ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ಮೊದಲು, ಹೇಳದೆ ಕೇಳದೆ, ಉಯರಾಕ್‌ನ ಮನೆಯ ಮುಂದೆ ನಿಂತೆ. ಗಾಡಿಗೆ ಹೊಸ ಸೀಟು, ಹೊಸ ಗಾಜು. ಕೈಗವಸು ತೆಗೆದು ಎಂಜಿನ್ನಿನ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಅದು ಬೆಚ್ಚಗಿತ್ತು. ಉಯರಾಕ್ ಹೊರಬಂದು ಎಂಜಿನ್ ಹೊತ್ತಿಸುವ ಹಗ್ಗ ಎಳೆದ, ಮೊದಲ ಎಳೆತಕ್ಕೇ ಹೊತ್ತಿಕೊಂಡಿತು. ಮೊದಲೇ ಬೆಚ್ಚಗಿರುವ ಎಂಜಿನ್ ಹೊತ್ತಿಕೊಳ್ಳುವುದರಲ್ಲಿ ಏನು ಹೆಚ್ಚುಗಾರಿಕೆ? "ನಾಳೆ ಬರ್ತೀನಿ, ಅಲ್ಲೀವರೆಗೂ ಮುಟ್ಬೇಡ" ಎಂದೆ. ಅವನು ಹುಬ್ಬೆತ್ತಿ ಹೂಂ ಎಂದ. ಮರುದಿನ ಹೋದರೆ ಮತ್ತೆ ಬೆಚ್ಚಗೆ.

ಅಲ್ಲಿಂದ ನನಗೆ ನಿದ್ದೆಯಿಲ್ಲ. ಮೂರನೆಯ ಸಲ ಹೋದಾಗ ಸೀಟು ಎತ್ತಿಸಿ ನೋಡಿದೆ. ಮೀಟರಿನ ಗಾಜಿನ ಒಳಗೆ ಮಬ್ಬು. ಬೋಲ್ಟುಗಳ ಸಂದಿಯಲ್ಲಿ ಬಿಳಿ ಪುಡಿ. ಚಳಿಯಲ್ಲಿ ಕಬ್ಬಿಣಕ್ಕೆ ನಾಲಿಗೆ ತಾಗಿಸಬಾರದೆಂದು ನೀನು ಕಲಿಸಿದ್ದು ಮರೆತಿಲ್ಲ. ಉಗುರಿನಿಂದ ಕೆರೆದು ಬೆರಳು ನೆಕ್ಕಿದೆ. ಉಪ್ಪು. ಆದರೆ ಕಡಲ ಮೇಲೆ ಓಡುವ ಯಾವ ಗಾಡಿಗೆ ಉಪ್ಪು ಹತ್ತುವುದಿಲ್ಲ? ನಮ್ಮ ಸತ್ತ ಗಾಡಿಯನ್ನು ಕೆರೆದರೂ ಅಷ್ಟೇ ಉಪ್ಪು ಸಿಗುತ್ತಿತ್ತು. ಆದರೂ ನೇರವಾಗಿ ಕೇಳಿಬಿಟ್ಟೆ, "ಇದು ನೀರಿಗೆ ಬಿದ್ದಿತ್ತಾ?" ನಮ್ಮಲ್ಲಿ ಯಾರೂ ಹಾಗೆ ಮುಖಕ್ಕೆ ಹಿಡಿದು ಕೇಳುವುದಿಲ್ಲ ಎಂದು ನನಗೆ ಗೊತ್ತು, ಅದು ಶಾಲೆಯಿಂದ ಅಂಟಿಕೊಂಡ ಚಾಳಿ. ಉಯರಾಕ್ ಹೌದೆಂದು ಹುಬ್ಬನ್ನೂ ಎತ್ತಲಿಲ್ಲ, ಇಲ್ಲವೆಂದು ಮೂಗನ್ನೂ ಸುಕ್ಕಿಸಲಿಲ್ಲ. "ಗಾಡಿ ಅಂದ್ಮೇಲೆ ನೀರು ನೋಡಿರತ್ತೆ" ಎಂದ. ಒಳಗಿನಿಂದ ಅವನ ಹೆಂಡತಿ ಅಲೂಕಿ ಕೂಗಿದಳು, "ಏನಂತೆ ಅವ್ಳಿಗೆ? ಗಾಡಿ ಬೇಕಂತೋ, ಅದರ ಜಾತಕ ಬೇಕಂತೋ?" ನಾನೂ ನಕ್ಕೆ. ನಗುವಿನ ಒಳಗೆ ಅನುಮಾನ ಇನ್ನಷ್ಟು ಬಲಿಯಿತು.

ನಿಜ ಹೇಳಬೇಕು ಅಮ್ಮಾ, ನಾನೂ ಅವನಿಗೆ ಪೂರ್ತಿ ಬಾಯಿ ಬಿಟ್ಟಿರಲಿಲ್ಲ. ಗಾಡಿ ಯಾಕೆ ಬೇಕು, ಎಲ್ಲಿಗೆ ಹೋಗಬೇಕು ಎಂದು ಹೇಳಿರಲಿಲ್ಲ. ಅಷ್ಟು ದೂರಕ್ಕೆ ಎಂದು ಗೊತ್ತಾದರೆ ನನ್ನ ಗರಜು ತಿಳಿದು ಬೆಲೆ ಏರಿಸಿಯಾನು ಎಂಬ ಭಯ ಒಂದು. ನಿನ್ನ ಹೆಸರೆತ್ತಿದರೆ ಸಂಜೆಯೊಳಗೆ ಊರೆಲ್ಲ ಬಾಗಿಲು ತಟ್ಟಿ ನಿನ್ನ ಕಾಯಿಲೆಯ ಬಗ್ಗೆ ಕೇಳುತ್ತದೆ ಎಂಬುದು ಇನ್ನೊಂದು. ಅವನೂ ಕೇಳಲಿಲ್ಲ. ಕೊಳ್ಳಲು ಬಂದವರನ್ನು ಎಲ್ಲಿಗೆ ಎಂದು ಕೇಳುವ ರೂಢಿ ನಮ್ಮಲ್ಲಿ ಯಾರಿಗಿದೆ?

ಆಗ ನನಗೊಂದು ಉಪಾಯ ಹೊಳೆಯಿತು. ಅದನ್ನು ನಿನಗೆ ಬರೆಯಲು ನಾಚಿಕೆಯಾಗುತ್ತದೆ. ನಿನ್ನ ಸತ್ತ ಅಕ್ಕನ ಹೆಸರನ್ನು ನನಗಿಟ್ಟು ನೀನು ಈಗಲೂ ನನ್ನನ್ನು ಅಕ್ಕಾ ಎಂದು ಕರೆಯುವ ಹಾಗೆ, ಉಯರಾಕ್ ನಮ್ಮ ಮಗಳನ್ನು ಅಪ್ಪಾ ಎನ್ನುತ್ತಾನಲ್ಲ. ಅವಳು ಹುಟ್ಟಿದಾಗ ಅವನ ಅಪ್ಪ ಕುಪ್ಪಾಕ್‌ನ ಹೆಸರನ್ನು ಅವಳಿಗಿಟ್ಟದ್ದು ನೀನೇ. ಈ ಒಂಬತ್ತು ವರ್ಷವೂ ವರ್ಷದ ಮೊದಲ ಸೀಲ್‌ನ ಎದೆಭಾಗವನ್ನು ಅವನು ಅವಳಿಗೇ ತಂದುಕೊಟ್ಟಿದ್ದಾನೆ. ಐವತ್ತು ದಾಟಿದ ಆ ಮನುಷ್ಯನನ್ನು ನಮ್ಮ ಪುಟ್ಟಿ ಅಂಗಡಿಯಲ್ಲಿ ಎಲ್ಲರ ಮುಂದೆ ಗದರಿಸುತ್ತಾಳೆ: "ಮಗನೇ, ಟೋಪಿ ಎಲ್ಲಿ? ಕಿವಿ ಉದುರಿದ್ರೆ ನಾನು ಹುಡುಕ್ಕೊಡಲ್ಲ." ಅವನು ತಲೆ ತಗ್ಗಿಸಿ ಟೋಪಿ ಹಾಕಿಕೊಳ್ಳುತ್ತಾನೆ. ನನಗೆ ಸುಳ್ಳು ಹೇಳಿಯಾನು, ತನ್ನ ಅಪ್ಪನಿಗೆ ಹೇಳಲಾರ ಎಂದುಕೊಂಡೆ. ಸತ್ತ ಮುದುಕನನ್ನು ಸಾಕ್ಷಿಗೆ ಎಳೆದ ಹಾಗಾಗುತ್ತದೆ ಎಂದು ನನ್ನೊಳಗೆ ಯಾರೋ ಹೇಳಿದರು. ಕೇಳಿಸದವಳಂತೆ ಶನಿವಾರ ಶಾಲೆಯಿಲ್ಲದ ದಿನ ಕುಪ್ಪಾಕ್‌ಳ ಕೈ ಹಿಡಿದು ಹೊರಟೆ. ಗಾಡಿ ಚೆನ್ನಾಗಿದೆಯಾ ಎಂದು ನಿನ್ನ ಮಗನನ್ನು ಒಂದು ಮಾತು ಕೇಳು ಎಂದಷ್ಟೇ ಅವಳಿಗೆ ಹೇಳಿಕೊಟ್ಟಿದ್ದೆ.

ಅವಳು ನಾನು ಹೇಳಿಕೊಟ್ಟದ್ದನ್ನು ಕೇಳಲಿಲ್ಲ. ಗಾಡಿಯನ್ನು ಒಂದು ಸುತ್ತು ಬಂದು, ಸೊಂಟದ ಮೇಲೆ ಕೈಯಿಟ್ಟು, "ಮಗನೇ, ಇದರ ಹಿಂದೆ ನಮ್ಮಜ್ಜಿನ ಕೂರಿಸ್ಕೊಂಡು ಅಜ್ಜಿ ಹುಟ್ಟಿದ ಕೊಲ್ಲಿಗೆ ಹೋಗ್ಬೇಕು. ನೀನಾದ್ರೆ ಹೋಗ್ತೀಯಾ?" ಎಂದಳು. ಕೊಲ್ಲಿಯ ಮಾತು ಅವಳಿಗೆ ಹೇಗೆ ಗೊತ್ತಾಯಿತೋ. ನಾನು ಜೋಶುವಾನ ಹತ್ತಿರ ಫೋನಿನಲ್ಲಿ ಆಡುವಾಗ ಕೇಳಿಸಿಕೊಂಡಿರಬೇಕು. ಉಯರಾಕ್ ಮೊದಲು ಅವಳನ್ನು ನೋಡಿದ, ಆಮೇಲೆ ಬಹಳ ಹೊತ್ತು ನನ್ನನ್ನು ನೋಡಿದ. ಕೊನೆಗೆ ಮೂಗು ಸುಕ್ಕಿಸಿದ.

"ಇಲ್ಲ ಅಪ್ಪಾ, ಹೋಗಲ್ಲ. ಅಕ್ಟೋಬರಲ್ಲಿ ನದಿ ಬಾಯಲ್ಲಿ ಮಂಜು ಒಡೆದು ಇದು ಮುಳುಗ್ತು. ನಾನೂ ಸೊಂಟದವರ್ಗೂ ಇಳಿದಿದ್ದೆ. ಎತ್ತಿ, ಬಿಚ್ಚಿ, ಒಣಗಿಸ್ದೆ. ಬೆಳಿಗ್ಗೆ ಕಾಯಿಸಿದ್ರೆ ದಿನ ಪೂರ್ತಿ ಓಡತ್ತೆ. ನೀರು ತರೋಕೆ, ಅಂಗಡಿಗೆ, ಮೀನಿನ ಕೆರೆಗೆ ಸಾಕು. ಅದಕ್ಕೇ ಬೆಲೆ ಕಮ್ಮಿ ಬರ್ದಿದ್ದು." ಆಮೇಲೆ ನನ್ನ ಕಡೆ ತಿರುಗಿ, ಕೋಪವಿಲ್ಲದೆ ಹೇಳಿದ, "ನೀನು ನೀರಿನ ವಿಷ್ಯ ಕೇಳ್ದೆ, ಮಿಯಾಲಿ. ಎಲ್ಲಿಗೆ ಅಂತ ಹೇಳಿದ್ರೆ ಇದನ್ನ ನಿಂಗೆ ತೋರಿಸ್ತಾನೇ ಇರ್ಲಿಲ್ಲ."

ನನ್ನ ಅನುಮಾನ ನಿಜವಾಗಿತ್ತು, ಆದರೆ ಅದರಿಂದ ನನಗೇನೂ ಸಮಾಧಾನವಾಗಲಿಲ್ಲ. ಮನೆಗೆ ಹೋಗೋಣ ಎಂದು ಕುಪ್ಪಾಕ್‌ಳ ತೋಳು ಹಿಡಿದೆ. ಅವಳು ಕದಲಲಿಲ್ಲ. ಮನೆಯ ಪಕ್ಕದಲ್ಲಿ ಟಾರ್ಪಾಲು ಹೊದಿಸಿದ್ದ ಅವನ ಇನ್ನೊಂದು ಗಾಡಿಯತ್ತ ಬೆರಳು ಮಾಡಿ, "ಹಾಗಾದ್ರೆ ಅದನ್ನ ಕೊಡು" ಎಂದಳು. ಅವನು ಬೇಟೆಗೆ ಹೋಗುವ ಗಾಡಿ ಅದು, ಮೂರು ಚಳಿಗಾಲವಷ್ಟೇ ಆಗಿದೆ. ಅವನ ಮನೆಯ ಆರು ಬಾಯಿಗಳ ಊಟ ಅದರ ಮೇಲೆ ನಡೆಯುತ್ತದೆ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಉಯರಾಕ್ ಹುಬ್ಬೆತ್ತಿ ಆಗಿತ್ತು. ಅದೇ ಬೆಲೆಗೆ. ಅಲೂಕಿ ಬಾಗಿಲಿಗೆ ಬಂದು ಕುಪ್ಪಾಕ್‌ಳನ್ನೇ ದಿಟ್ಟಿಸಿದಳು. "ಮಾವ ಬದುಕಿದ್ದಾಗ್ಲೂ ಹೀಗೇ. ಕೇಳಿದ್ದು ಕೈಗೆ ಬರೋವರ್ಗೂ ಅಂಗಳ ಬಿಡ್ತಿರ್ಲಿಲ್ಲ" ಎಂದಳು. ಅದು ತಮಾಷೆಯೋ ನೋವೋ ನನಗೆ ಇನ್ನೂ ತಿಳಿದಿಲ್ಲ.

ಬೇಡವೆಂದರೆ ಅವನ ಅಪ್ಪನ ಮಾತನ್ನು ಅವನೆದುರೇ ತಳ್ಳಿಹಾಕಿದಂತೆ. ಸರಿ ಎಂದರೆ ಬೇಟೆಗಾರನ ಕಾಲು ಕಿತ್ತುಕೊಂಡಂತೆ. ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ: ಹೀಗಾಗಲಿ ಎಂಬ ಆಸೆ ಒಂದಿಷ್ಟೂ ಇಲ್ಲದೆಯೇ ನಾನು ಅವಳನ್ನು ಕರೆದುಕೊಂಡು ಹೋಗಿದ್ದೆನೇ? ಇರಲಿಲ್ಲ ಎಂದು ನಿನ್ನೆದುರು ಪ್ರಮಾಣ ಮಾಡಲಾರೆ. ಊರಿನಲ್ಲಿ ಕೆಲವರು ಆಗಲೇ ನಾನೇ ಹೇಳಿಕೊಟ್ಟು ಕೇಳಿಸಿದೆ ಎನ್ನುತ್ತಿದ್ದಾರಂತೆ. ಕುಪ್ಪಾಕ್‌ಳನ್ನು ಕೇಳಿದರೆ "ನನ್ ಮಗ ಕೊಟ್ಟ, ನಿಂಗೇನು?" ಎನ್ನುತ್ತಾಳೆ.

ನೀನು ನಗುತ್ತೀಯ, ಆದರೂ ಬರೆಯುತ್ತೇನೆ. ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಮೊದಲು ಹೋಗಿ ಆ ಒಳ್ಳೆಯ ಗಾಡಿಯನ್ನೂ ಮುಟ್ಟಿ ನೋಡಿದೆ. ಕಲ್ಲಿನಂತೆ ತಣ್ಣಗಿತ್ತು. ಹಗ್ಗ ಎಳೆದೆ. ಎರಡನೆಯ ಎಳೆತಕ್ಕೆ ಹೊತ್ತಿಕೊಂಡಿತು. ಆರಿಸಿ, ಅರ್ಧ ಗಂಟೆ ಅಲ್ಲೇ ನಿಂತು ಮತ್ತೆ ಎಳೆದೆ. ತಲೆಯೆತ್ತಿದರೆ ಉಯರಾಕ್ ಕಿಟಕಿಯಲ್ಲಿ ಚಹಾ ಹಿಡಿದು ನಿಂತಿದ್ದಾನೆ. "ಎಳಿ, ಎಳಿ, ಇನ್ನೊಂದ್ಸಲ ಎಳಿ. ಹಗ್ಗ ಹರಿದ್ರೆ ಅದೂ ನಿಂದೇ" ಎಂದು ಗಾಜಿನ ಹಿಂದಿನಿಂದ ಕೂಗಿದ. ಮುಖ ಎಲ್ಲಿ ಮುಚ್ಚಿಕೊಳ್ಳಲಿ? ಒಳಗೆ ಕರೆದು ಚಹಾ ಕೊಟ್ಟರು. ಅಲೂಕಿ ಹೆಪ್ಪುಗಟ್ಟಿದ ಮಾಂಸದ ಹಲಗೆಯನ್ನು ನನ್ನ ಮುಂದಕ್ಕೆ ತಳ್ಳಿ, "ಇದನ್ನೂ ಮುಟ್ಟಿ ನೋಡು, ಬೆಚ್ಚಗಿದ್ಯಾ ಅಂತ" ಎಂದಳು. ಆಮೇಲೆ ನಾವು ಮೂವರೂ ಸೇರಿ ಒಂದು ತೀರ್ಮಾನಕ್ಕೆ ಬಂದೆವು. ಗಾಡಿ ನಮ್ಮದಾದರೂ ಅವನ ಅಂಗಳದಲ್ಲೇ ನಿಲ್ಲುತ್ತದೆ. ಬೇಟೆಗೆ ಅವನು ಅದರಲ್ಲೇ ಹೋಗುತ್ತಾನೆ, ಮಾಂಸ ಎರಡೂ ಮನೆಗೆ. ಕೊಲ್ಲಿಗೆ ಹೋಗುವ ದಿನ ಗಾಡಿ ಓಡಿಸುವವನು ಅವನೇ; ನೀನು, ನಾನು, ಕುಪ್ಪಾಕ್ ಜಾರುಬಂಡಿಯಲ್ಲಿ. ಬಿರುಕುಗಳ ದಾರಿ ಅವನಿಗೆ ಗೊತ್ತಿರುವಷ್ಟು ನನಗೆ ಗೊತ್ತಿಲ್ಲ. ನೀನು ನಿನ್ನ ಕೊಲ್ಲಿಯಲ್ಲಿ ಎಷ್ಟು ದಿನ ಇರುತ್ತೀಯೋ ಅಷ್ಟೂ ದಿನ ತಾನೂ ಅಲ್ಲೇ ಡೇರೆ ಹಾಕುತ್ತೇನೆ ಎಂದಿದ್ದಾನೆ.

ಲೀನಾ ಸಂಜೆ ಬಂದು ಕಾಗದ ಒಯ್ಯುತ್ತಾಳೆ. ನಿನ್ನ ಜೊತೆ ಪ್ರಾರ್ಥನೆಗೆ ಕೂರುವ ಆ ಆರ್ವಿಯಾತ್ ಊರಿನ ಅಜ್ಜಿಗೂ, ಡಾಕ್ಟರ ಮಾತನ್ನು ನಿನಗೆ ನಮ್ಮ ಭಾಷೆಯಲ್ಲಿ ತಿಳಿಸಿ ಹೇಳುವ ಹುಡುಗಿಗೂ ನನ್ನ ನಮಸ್ಕಾರ ಹೇಳು. ಕುಪ್ಪಾಕ್ ನಿನಗೆ ಮೂಗಿಗೆ ಮೂಗು ತಾಗಿಸುವ ಮುತ್ತು ಕಳಿಸಿದ್ದಾಳೆ. ದೇವರು ನಿನ್ನನ್ನು ನೋವಿಲ್ಲದೆ ಮಲಗಿಸಲಿ.

ನೀನು ಅಕ್ಕಾ ಎಂದು ಕರೆಯುವ,
ನಿನ್ನ ಮಗಳು
ಮಿಯಾಲಿ

ಮತ್ತೆ: ಅಂಟಿಸಿದ ಲಕೋಟೆಯನ್ನು ಹರಿದು ಇದನ್ನು ಬರೆಯುತ್ತಿದ್ದೇನೆ, ಲೀನಾ ಬಾಗಿಲಲ್ಲಿ ನಿಂತಿದ್ದಾಳೆ. ಅಮ್ಮಾ, ಮಾರ್ಚ್ ಕೊನೆಯ ವಾರ ನಿನ್ನ ಡಾಕ್ಟರು ನನಗೆ ಫೋನ್ ಮಾಡಿದ್ದರು. ಔಷಧಿ ಹಿಡಿಯಲಿಲ್ಲವಂತೆ. ಇನ್ನೂ ಕೊಡಬಹುದು, ಆದರೆ ಸುಸ್ತು ಹೆಚ್ಚುತ್ತದೆಯೇ ಹೊರತು ಕಾಯಿಲೆ ಹೋಗುವುದಿಲ್ಲ ಎಂದರು. ಬೇಸಿಗೆ ದಾಟುವುದು ಕಷ್ಟ ಎಂದರು. ನಿನಗೆ ನಾನೇ ಹೇಳುತ್ತೇನೆ ಎಂದು ಅವರಲ್ಲಿ ಎರಡು ವಾರದ ಸಮಯ ಕೇಳಿಕೊಂಡೆ. ಆ ಎರಡು ವಾರ ಗಾಡಿ ಹುಡುಕುತ್ತಾ ಕಳೆದೆ. ಸೋಮವಾರ ಅವರು ನಿನ್ನನ್ನು ಕೂರಿಸಿಕೊಂಡು ಹೇಳುತ್ತಾರೆ. ಅದಕ್ಕೆ ಮೊದಲು ನನ್ನಿಂದ ನಿನಗೆ ತಿಳಿಯಲಿ. ಅಲ್ಲೇ ಇದ್ದು ಔಷಧಿ ಮುಂದುವರಿಸುತ್ತೇನೆ ಎಂದರೆ ನಾನು ಒಂದು ಮಾತೂ ಆಡುವುದಿಲ್ಲ, ಮುಂದಿನ ವಿಮಾನಕ್ಕೆ ಬಂದು ನಿನ್ನ ಪಕ್ಕ ಮಲಗುತ್ತೇನೆ. ಮನೆಗೆ ಬರುತ್ತೇನೆ ಎಂದರೆ, ಮೇ ತಿಂಗಳಿಡೀ ಮಂಜು ಗಟ್ಟಿ ಇರುತ್ತದೆ ಎಂದು ಉಯರಾಕ್ ಹೇಳಿದ್ದಾನೆ. ಸೋಮವಾರ ಸಂಜೆ ಫೋನ್ ಮಾಡುತ್ತೇನೆ. ಪಕ್ಕದವರಿಗೆ ಕೇಳಿಸಿದರೆ ಕೇಳಿಸಲಿ. ನಾನು ಬರಲೋ, ನೀನು ಬರುತ್ತೀಯೋ, ಅಷ್ಟು ಹೇಳು.