ಬುಟ್ಟಿಗೆ ಮೆತ್ತಿದ ಕಾಗದ

ನನ್ನ ಹಿರಿ ನೆಗೆಣ್ಣಿ ಗೌರಕ್ಕನಿಗೆ,

ಇದ್ದಾಗ ಒಂದಕ್ಷರ ಓದಲು ಬಾರದಿದ್ದ ನಿನಗೆ ಈಗ ಪತ್ರ ಬರೆಯುತ್ತಿದ್ದೇನೆ, ನಗಬೇಡ. ಅಲ್ಲಿ ಓದಿ ಹೇಳುವವರು ಯಾರಾದರೂ ಇದ್ದೇ ಇರುತ್ತಾರೆ. ನೀನು ಹೋಗಿ ಏಳು ತಿಂಗಳಾಯಿತು. ನಿನ್ನೆದುರು ಬಾಯಿಬಿಟ್ಟು ಹೇಳಲಾಗದ ಮಾತೊಂದು ಉಳಿದಿದೆ. ಬರೆದಾದರೂ ಹೇಳುತ್ತೇನೆ.

ಸವಣೂರಿನಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ನಾನು ಹಂಸಭಾವಿಯ ಈ ಮನೆಗೆ ಸೊಸೆಯಾಗಿ ಬಂದ ಮೊದಲ ಬೇಸಿಗೆ ನೆನಪಿದೆಯೇ? ನೀನು ಅಂಗಳದಲ್ಲಿ ಶಾವಿಗೆ ಹೊಸೆಯುತ್ತಿದ್ದೆ. ನಾನು ಹಿಟ್ಟು ನಾದುವುದನ್ನು ಬಿಟ್ಟು, ಪೆನ್ಸಿಲ್ ಹಿಡಿದು ಗೋಡೆಗೆ ಒರಗಿದ್ದೆ. ಅತ್ತೆ ಕಂಡು ಕೆಂಡವಾದರು. "ಇರ್ಲಿ ಬಿಡ್ರಿ ಅತ್ತಿ, ಆಕಿ ಹೊಸದ್ರ ಶಾವಿಗಿ ಹೋಗಿ ಹಗ್ಗ ಆಗ್ತಾವು," ಎಂದು ನೀನು ನಕ್ಕೆ. ಅತ್ತೆಗೂ ನಗು ತಡೆಯಲಿಲ್ಲ.

ಆದರೂ ಬರೆಯಲು ಹೊತ್ತು ಎಲ್ಲಿತ್ತು? ಬೇಸಿಗೆಗೆ ಸಂಡಿಗೆ, ಖಾರ ಕುಟ್ಟುವುದು. ಮಳೆಗೆ ಮುಂಚೆ ಮಾಳಿಗೆಗೆ ಮಣ್ಣು. ದಸರೆಗೆ ಗೋಡೆ ಸಾರಿಸಬೇಕು, ಚಳಿಗೆ ಕೌದಿ ಹೊಲಿಯಬೇಕು. ಕತೆಯ ಒಂದು ಸಾಲು ಬರೆದು ಎದ್ದರೆ ಮುಂದಿನ ಸಾಲಿಗೆ ಅಮಾವಾಸ್ಯೆ ದಾಟಿರುತ್ತಿತ್ತು.

ಯುದ್ಧದ ದಿನಗಳವು. ಹೊಸ ಕಾಗದ ಸಿಗದೆ, ಹಳೆಯ ಕಾಗದಗಳ ಹಿಂಬದಿಗೆ ಬರೆದು ಅಟ್ಟದಲ್ಲಿ ಇಡುತ್ತಿದ್ದೆ. ನೋಡಿದವರಿಗೆ ಅದು ರದ್ದಿಯೇ. ಒಂದು ಬೇಸಿಗೆ ನೀನು ಅಟ್ಟದ ರದ್ದಿಯನ್ನೆಲ್ಲ ಇಳಿಸಿ ನೆನೆಹಾಕಿ, ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಿ, ಬಿದಿರಿನ ಬುಟ್ಟಿಗಳಿಗೆ ಮೆತ್ತಿ ಬಿಸಿಲಿಗಿಟ್ಟೆ. ಸಂಜೆ ನಾನು ಅಟ್ಟ ಹತ್ತಿದರೆ ನನ್ನ ಕತೆಯೇ ಇಲ್ಲ. ಮೂರು ಮಳೆಗಾಲ ಬರೆದ ಕತೆ! "ಕಣ್ಣಿದ್ದೂ ಕುರುಡಿ ಆದೆಲ್ಲ! ಅಕ್ಷರ ಬರಲಾರದವ್ರ ಕೈಯಾಗ ಸಿಕ್ಕರ ಹಿಂಗ ಆಗೂದು!" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ನಿನ್ನ ಮಗಳು ಶಾಂತಿ ಬಾಗಿಲಲ್ಲೇ ನಿಂತಿದ್ದಳು. ನೀನು ಅಳುತ್ತ, ಹಸಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು, ಉಗುರಿನಿಂದ ಕೆರೆದು ಕೆರೆದು ನನ್ನ ಅಕ್ಷರ ಹುಡುಕಿದೆ.

ಮರುದಿನ ನೀನೇ ನನ್ನ ಹತ್ತಿರ ಬಂದೆ. "ಮತ್ತ ಬರಿ ತಂಗಿ. ಮನಿ ಕೆಲಸ ನನಗಿರ್ಲಿ, ನೀ ಏಳಬ್ಯಾಡ." ಆಡಿದಂತೆ ನಡೆದೆ. ನನ್ನ ಪಾಲಿನ ಮಣ್ಣನ್ನೂ ನೀನೇ ಹೊತ್ತು ಮಾಳಿಗೆ ಹತ್ತಿದೆ. ಅತ್ತೆ ಗೊಣಗಿದರೆ, "ತಪ್ಪು ನಂದೈತ್ರಿ," ಎಂದು ಅವರ ಬಾಯಿ ಕಟ್ಟಿದೆ.

ಆ ವರ್ಷದ ನಾಗರಪಂಚಮಿಗೆ ಉಡಲು ಸೀರೆ ತೆಗೆಯೋಣವೆಂದು ನನ್ನ ಟ್ರಂಕು ತೆರೆದೆ. ಸೀರೆಯ ಮಡಿಕೆಯೊಳಗೆ ಕತೆ ಇತ್ತು, ಗೌರಕ್ಕಾ. ಪೂರ್ತಿ ಇತ್ತು. ಅಟ್ಟದಲ್ಲಿ ಇಲಿ ಕಾಟವೆಂದು ನಾನೇ ತಂದಿಟ್ಟು ಮರೆತಿದ್ದೆ. ಅದರ ಒಂದು ಹಾಳೆಯನ್ನೂ ನೀನು ಮುಟ್ಟಿರಲಿಲ್ಲ.

ಹೊರಗೆ ನೀನು ಪಂಚಮಿಯ ಉಂಡಿ ಕಟ್ಟುತ್ತಿದ್ದೆ. ಓಡಿ ಬಂದು ಕಾಲು ಹಿಡಿಯಬೇಕಿತ್ತು. ಯಾಕೆ ಬರಲಿಲ್ಲ ಗೊತ್ತೇ? ನಾಚಿಕೆಯಾಯಿತು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹೇಳಿದರೆ ಮರುದಿನದಿಂದ ನಾನೂ ಕೆಲಸಕ್ಕೆ ಇಳಿಯಬೇಕಿತ್ತು. ನನಗೆ ಬರೆಯುವ ಆ ಹೊತ್ತು ಬೇಕಿತ್ತು. ಟ್ರಂಕಿಗೆ ಬೀಗ ಹಾಕಿದೆ. ಎರಡು ವರ್ಷ, ನೀನು ಮಾಡದ ತಪ್ಪಿನ ನೆರಳಲ್ಲಿ ಆರಾಮಾಗಿ ಕೂತು ಬರೆದೆ.

ಹೋದ ದೀಪಾವಳಿಯ ಮುಂದೆ ನಿನಗೆ ಜ್ವರ ಹಿಡಿಯಿತು. ಹಿರೇಕೆರೂರಿನ ಡಾಕ್ಟರು ಬಂದು ನೋಡಿ ಕೈಚೆಲ್ಲಿದರು. ನೀನು ನನ್ನ ಕೈ ಹಿಡಿದು, "ಕತಿ ಪೂರಾ ಆತೇನ ತಂಗಿ? ನಾ ಹಾಳ ಮಾಡಿದ್ದು ತಿರುಗಿ ಬಂತೇನ?" ಎಂದು ಕೇಳಿದೆ. ಆಗಲಾದರೂ ನಾನು... "ಬಂತಕ್ಕಾ," ಎಂದೆ, ಅಷ್ಟೇ. ನಿನ್ನ ಮುಖದಲ್ಲಿ ಎಂಥ ಸಮಾಧಾನ! ಆ ಸಮಾಧಾನವೇ ಈಗ ನನ್ನನ್ನು ಸುಡುತ್ತಿದೆ.

ಹೋದ ಸೋಮವಾರ ಎಲ್ಲರೂ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತ ಕೂತಿದ್ದೆವು. ತಡೆಯಲಾಗಲಿಲ್ಲ. ಕತೆಯನ್ನು ತಂದು ಎಲ್ಲರ ನಡುವೆ ಇಟ್ಟು ಹೇಳಿಬಿಟ್ಟೆ. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಶಾಂತಿಗೆ ಈಗ ಹನ್ನೆರಡು ತುಂಬಿದೆ. ಆ ಹಾಳೆಗಳನ್ನೇ ನೋಡುತ್ತ, "ಹಂಗಾರ ನಮ್ಮವ್ವ ಸುಮ್ಮಸುಮ್ಮನ ಬೈಸಿಕೊಂಡ್ಲೇನ, ಚಿಗವ್ವ?" ಎಂದಳು. ಹೌದು ಎಂದೆ. ಮಡಿಲಿನ ಮೆಣಸಿನಕಾಯಿ ಸುರುವಿ ಎದ್ದು ಹೋದಳು.

ಅಂದಿನಿಂದ ಅವಳು ನನ್ನೊಡನೆ ಮಾತಾಡಿಲ್ಲ. ನಾನು ಬಡಿಸಿದರೆ ಉಣ್ಣುವುದಿಲ್ಲ. ಅತ್ತೆ ಬುದ್ಧಿ ಹೇಳಲು ಹೊರಟರು, ನಾನೇ ಬೇಡವೆಂದು ತಡೆದೆ. ಇರಲಿ ಬಿಡು. ನಿನ್ನ ಪರವಾಗಿ ನನ್ನ ಮೇಲೆ ಸಿಟ್ಟಾಗುವವರು ಈ ಮನೆಯಲ್ಲಿ ಒಬ್ಬರಾದರೂ ಬೇಕಲ್ಲ, ಗೌರಕ್ಕಾ.