ಬೇಳೆ ಬೇಯದಷ್ಟು ಎತ್ತರದ ಊರು

ಸ್ಯಾನ್ ಡಿಯಾಗೋ
14 ಅಕ್ಟೋಬರ್ 2018

ತರುಣ,

ಹೇಗಿದೀಯೋ? ಹತ್ತು ದಿನದಿಂದ ನಿನ್ನ ಮೆಸೇಜಿಗೆಲ್ಲ ಬರೀ ಹಾರ್ಟ್ ಹಾಕಿ ಸುಮ್ಮನಾಗಿದೀನಿ, ಬೈಕೋಬೇಡ. ಎಲ್ ಸೆಗುಂಡೋ ಆಫೀಸಿಗೆ ಎರಡೆರಡು ಗಂಟೆ ಡ್ರೈವ್ ಮಾಡಿ ಮಾಡಿ ಕೈ ಬಿದ್ದೋಗಿದೆ. ಟೈಪ್ ಮಾಡಕ್ಕಾಗಲ್ಲ. ಬಾಯಲ್ಲಿ ಹೇಳ್ತೀನಿ, ಫೋನೇ ಬರ್ಕೊಳ್ಲಿ.

ಒಂದು ವಾರ ಪೆರುಗೆ ಟ್ರೆಕ್ಕಿಗೆ ಅಂತ ಹೋದೋನು, ಹನ್ನೊಂದು ವಾರ ಆಯ್ತು. ವಾಪಸ್ ಬರೋ ಫ್ಲೈಟಿಗೆ ಹತ್ತಿಸ್ಲಿಲ್ಲ ಅಂತ ನೀನು ಫೋನ್ ಮಾಡಿದಾಗ ಅಕ್ಕಿ ತೊಳೀತಿದ್ದೆ. ಅಮೆರಿಕಾ ವೀಸಾ ಸ್ಟ್ಯಾಂಪ್ ಮುಗಿದಿದ್ರೂ ಗಡಿ ದಾಟಿ ಟಿಹುವಾನಾಗೆ ಹೋಗಿ ಟಾಕೋ ತಿಂದು ಆರಾಮಾಗಿ ಬಂದಿದ್ವಲ್ಲ, ಪೆರುಗೂ ಅದೇ ರೂಲು ಅಂದ್ಕೊಂಡ್ವಿ. ಮೆಕ್ಸಿಕೋಗಿರೋ ವಿನಾಯ್ತಿ ಪೆರುಗಿಲ್ಲ. ಇಪ್ಪತ್ತಮೂರಕ್ಕೆ ಲೀಮಾದ ಅಮೆರಿಕಾ ಎಂಬಸೀಲಿ ವೀಸಾ ಇಂಟರ್‌ವ್ಯೂ. ಸ್ಟ್ಯಾಂಪ್ ಹಾಕಿದ್ರೆ ಮನೆಗೆ ಬರ್ತೀಯ. ಹಾಕ್ದಿದ್ರೆ... ಬಿಡು.

ನಿಮ್ಮಮ್ಮ ಹುಬ್ಬಳ್ಳಿಯಿಂದ ದಿನಾ ಫೋನು. "ಗುಡ್ಡಾ ನೋಡಾಕ ಅಷ್ಟು ದೂರ ಹೋಗಬೇಕಿತ್ತೇನವಾ? ನಮ್ಮ ನೃಪತುಂಗ ಬೆಟ್ಟ ಏನು ಸಣ್ಣದಾಗಿತ್ತೇನು?" ಅಂತಾರೆ. ಆಮೇಲೆ ಮೆಲ್ಲಗೆ, "ಊರರೆ ಹೆಂಗೈತಂತ?" ನೀನು ಹೇಳಿದ್ದೆಲ್ಲ ಸೇರಿಸಿ ನೀನಿರೋ ಕುಸ್ಕೋ ಊರನ್ನ ನಾನೇ ಕಟ್ಟಿ ಹೇಳ್ತೀನಿ. ಸರಿಯಾಗಿದ್ಯಾ ನೋಡು.

ಹನ್ನೊಂದು ಸಾವಿರ ಅಡಿ ಮೇಲೆ, ಬೆಟ್ಟಗಳ ಬೊಗಸೆಯಲ್ಲಿ ಕೆಂಪು ಹೆಂಚಿನ ಊರು. ಕೆಳಗೆ ಇಂಕಾ ರಾಜರ ಗೋಡೆ, ಅದರ ತಲೆ ಮೇಲೆ ಸ್ಪೇನಿನವರ ಚರ್ಚು. ಗಾರೆ ಇಲ್ದೆ ಕೂರಿಸಿರೋ ಕಲ್ಲು, ಸಂದೀಲಿ ಬ್ಲೇಡೂ ತೂರಲ್ಲ. ಭೂಕಂಪ ಆದಾಗ ಮೇಲಿನದು ಬಿತ್ತು, ಕೆಳಗಿನದು ಅಲ್ಲಾಡಿ ಮತ್ತೆ ತನ್ನ ಜಾಗದಲ್ಲೇ ಕೂತ್ಕೊಳ್ತು. ಮಾರ್ಕೆಟ್ಟಲ್ಲಿ ನೇರಳೆ, ಕಪ್ಪು, ಗುಲಾಬಿ ಆಲೂಗಡ್ಡೆ. ಮಗೂನ ಬಣ್ಣದ ಬಟ್ಟೇಲಿ ಬೆನ್ನಿಗೆ ಕಟ್ಕೊಂಡು ಮೆಟ್ಟಿಲು ಬೀದಿ ಹತ್ತೋ ಹೆಂಗಸರು. ಏನೇ ಕುಡಿದ್ರೂ ಮೊದಲ ಹನಿ ಭೂಮಿತಾಯಿಗೆ. ಹೊಸಬರಿಗೆ ನಿನ್ನ ರೂಮಿನ ಓನರ್ ಅಜ್ಜಿ ಹೇಳೋದು: "ಮೆಲ್ಲಗೆ ನಡಿ, ಕಮ್ಮಿ ತಿನ್ನು, ಒಬ್ನೇ ಮಲ್ಕೊ." ಮೂರನೇದನ್ನ ಇನ್ನೂ ಪಾಲಿಸ್ತಾ ಇದೀನಿ ಅಂದ್ಯಲ್ಲ, ಕಳ್ಳ!

ಫ್ರೀವೇಲಿ ಮುಂದಿನ ಕಾರುಗಳ ಕೆಂಪು ದೀಪ ನೋಡ್ತಾ ನೋಡ್ತಾ ಹೆಂಚಿನ ಸಾಲೇ ಆಗ್ಬಿಡುತ್ತೆ. ಆ ಬೀದಿ ಹತ್ತುತಾ ಇರ್ತೀನಿ, ಏದುಸಿರು ಬರುತ್ತೆ, ಇನ್ನೊಂದು ತಿರುವು ದಾಟಿದ್ರೆ ನಿನ್ನ ಬಾಗಿಲು. ಅಷ್ಟರಲ್ಲಿ ಹಿಂದಿನೋನು ಹಾರ್ನ್ ಹೊಡೀತಾನೆ.

ಆ ಎತ್ತರದಲ್ಲಿ ನೀರು ಕುದ್ರೂ ಬೇಳೆ ಬೇಯಲ್ಲ ಅಂದ್ಯಲ್ಲ, ಆರ್ಟೀಸಿಯಾದ ಇಂಡಿಯನ್ ಅಂಗಡಿಗೆ ಹೋಗಿ ಮೂರು ಲೀಟರ್ ಕುಕ್ಕರ್ ತಗೊಂಡೆ. ಅಲ್ಲಿ ಪೊಮೊನಾದ ಲೀಲಾ ಆಂಟಿ ಸಿಕ್ಕಿದ್ರು. "ಕುಕ್ಕರ್ ಕಳಿಸ್ತಿದೀಯಾ? ಹಾಗಾದ್ರೆ ಅವನು ಬರೋ ಹಾಗಿಲ್ಲ ಅನ್ನು!" ಪಕ್ಕದಲ್ಲಿದ್ದ ಮಗಳು, "ಮಾಮ್, ಸ್ಟಾಪ್!" ಅಂದ್ಳು. ನಾನು ನಕ್ಕೆ. ಕುಕ್ಕರ್ ಇನ್ನೂ ಕಾರಿನ ಡಿಕ್ಕೀಲೇ ಇದೆ. ಪೋಸ್ಟ್ ಮಾಡಕ್ಕೆ ಮನಸ್ಸು ಬರ್ತಿಲ್ಲ.

ಇಂಟರ್‌ವ್ಯೂಗೆ ಇಸ್ತ್ರಿ ಮಾಡಿದ ಶರ್ಟ್ ಹಾಕ್ಕೋ. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಇತಿಹಾಸ ಶುರು ಮಾಡ್ಬೇಡ. ನಿಮ್ಮನೆ ದೇವರು, ನಮ್ಮನೆ ದೇವರು, ಆ ಊರಿನ ಬೆಟ್ಟದ ದೇವರು, ಎಲ್ಲಾರೂ ನಿನ್ನ ಬೆನ್ನಿಗಿರ್ಲಿ.

ನಿನ್ನ
ಸಿಂಧೂರ

ಇನ್ನೊಂದು ಮಾತು: ಇದನ್ನ ಮೂರು ಸಲ ಹೇಳಿ ಮೂರು ಸಲ ಅಳಿಸಿದೆ. ಹೊರಡೋ ಮುಂಚೆ ನೀನು, "ನಿಮ್ಮ ಕಂಪನಿ ಲಾಯರ್‌ನ ಕೇಳಿದ್ಯಾ?" ಅಂತ ಕೇಳಿದ್ದೆ. ನಾನು "ಕೇಳ್ದೆ, ಏನೂ ತೊಂದ್ರೆ ಇಲ್ಲ" ಅಂದಿದ್ದೆ. ನಾನು ಕೇಳೇ ಇರ್ಲಿಲ್ಲ ತರುಣ. ನೀನು ಸುಮ್ನೆ ಆ ಲಾಯರ್‌ನ ಬೈಕೊಂಡು ಓಡಾಡ್ತಿದೀಯ. ಕೇಳಿದ್ರೆ ಹೋಗ್ಬೇಡಿ ಅಂತಾರೇನೋ ಅಂತ ಭಯ ಆಯ್ತು. ಆ ತಿಂಗಳೆಲ್ಲ ಜಗಳ ಆಡಿ ಆಡಿ ಸಾಕಾಗಿತ್ತು ಕಣೋ. ಮನೇಲಿ ಒಂದು ವಾರ ನೀನಿರಬಾರ್ದು ಅನ್ನಿಸಿತ್ತು. ಒಂದೇ ವಾರ.